ಹೆಣ್ಣು ನೋಡಲು ಬಂದವರು ಅರೆಬೆಂದ ಬೇಳೆ ಉಂಡದ್ದು

ಡಾಕ್ಟರ್ ಆದಮೇಲೂ ಬುದ್ಧಿ ಬರದೆ ಬೀದರಿನಲ್ಲಿ ಮತ್ತೆ ಮೂರು ವರ್ಷ ಪಿಜಿ ಓದಿದವಳು ನಾನು. ಆಗ ಆಸ್ಪತ್ರೆಯ ಹೊರಗೆ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ನಿದ್ದೆ. ಎಲ್ಲಿ ಬೆನ್ನಿಗೆ ಆಸರೆ ಸಿಕ್ಕಿತೋ ಅಲ್ಲಿ ನಿದ್ದೆ. ಒಮ್ಮೆ ರಜೆಯ ದಿನ ರೂಮಿನ ಗೆಳತಿಯೂ ನಾನೂ ಡಬ್ಬಿ ಕಟ್ಟಿಕೊಂಡು ಹಳೆಯ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಸುತ್ತಾಡಲು ಹೋದೆವು. ಗುಂಬಜಿನ ನೆರಳಿನಲ್ಲಿ ಐದು ನಿಮಿಷ ಕೂತು ಒಳಗೆ ಹೋಗೋಣ ಎಂದವರು ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು, ನಮ್ಮ ಡಬ್ಬಿಯನ್ನು ಒಂದು ಆಡು ನೆಕ್ಕುತ್ತಿತ್ತು. ಆ ಗುಂಬಜಿನ ಒಳಗೆ ಏನಿದೆಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ಇಂಥ ನನಗೆ ಮದುವೆ ಮಾಡಬೇಕೆಂದು ನಮ್ಮೂರು ಔರಾದಿನಲ್ಲಿ ಅವ್ವ ಹಟ ಹಿಡಿದು ಕೂತಿದ್ದಳು. ಮೊದಲು ಬಂದ ಹುಡುಗನ ತಾಯಿ, "ಡ್ಯೂಟಿ ಮುಗಿಸಿ ಬಂದು ಮನಿ ಮಂದಿಗೆಲ್ಲ ರೊಟ್ಟಿ ಬಡೀತಿಯೇನವಾ?" ಎಂದು ಕೇಳಿದರು. "ನಿಮ್ಮ ಮಗನ ಕೈಗೇನಾಗೇದರಿ?" ಅಂದುಬಿಟ್ಟೆ. ನನ್ನ ಬಾಯೇ ಹಾಗೆ. ಎರಡನೆಯವರು ಓದು ಬಿಡಿಸುವ ಮಾತಾಡಿದರು. ಅವರ ಕೈಯಿಂದ ಚಹಾದ ಕಪ್ಪನ್ನೇ ವಾಪಸ್ ಇಸಿದುಕೊಂಡೆ. ಹೀಗಾಗಿ ಮೂರನೆಯ ಸಂಬಂಧ, ಭಾಲ್ಕಿಯ ಹೈಸ್ಕೂಲು ಮೇಷ್ಟ್ರದು, ಬಂದಾಗ ಅವ್ವ ಫೋನಿನಲ್ಲೇ ಕೈ ಮುಗಿದಳು.

"ಈ ಸಲನಾರ ಬಾಯಿ ಮುಚ್ಕೊಂಡು ಕೂಡು. ನಿನ್ನ ಸಲುವಾಗಿ ಊರಾಗ ನನ್ನ ಇಜ್ಜತ್ ಹೋಗ್ಲಿಕತ್ತದ."

ಹೂಂ ಅಂದೆ. ಆದರೆ ಒಂದೇ ಒಂದು ಪ್ರಶ್ನೆ ಕೇಳಿಯೇ ತೀರುವುದೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ: ಡ್ಯೂಟಿ ಮುಗಿಸಿ ಬಂದಾಗ ನನ್ನನ್ನು ಮಲಗಲು ಬಿಡುತ್ತೀರಾ? ನಗಬೇಡಿ. ಇದಕ್ಕೆ ಒಪ್ಪದವನ ಜೊತೆ ಬಾಳುವುದು ನನ್ನಿಂದ ಸಾಧ್ಯವೇ ಇರಲಿಲ್ಲ. ಅವನು ಹೂಂ ಅಂದರೆ ಮದುವೆ, ಇಲ್ಲವಾದರೆ ಇಲ್ಲ.

ಭಾನುವಾರ ಬೆಳಿಗ್ಗೆ ರಾತ್ರಿ ಡ್ಯೂಟಿಯಿಂದ ಹೊರಬಿದ್ದವಳು ಔರಾದ ಬಸ್ಸು ಹತ್ತಿ, ಕಿಟಕಿಗೆ ಹಣೆ ಬಡಿಸಿಕೊಳ್ಳುತ್ತ ಊರು ಮುಟ್ಟಿದೆ. ಅವ್ವ ಸೀರೆ ಉಡಿಸಿ, ಮುಖಕ್ಕೆ ತಣ್ಣೀರು ಎರಚಿದಳು. ಬಂದವರು ಇಬ್ಬರೇ, ಹುಡುಗ ಮತ್ತು ಅವನ ಅಜ್ಜಿ. ತಲೆ ತಗ್ಗಿಸಿ ಚಹಾ ಕೊಟ್ಟೆ. ನಾಚಿಕೆಯೇನಲ್ಲ, ರೆಪ್ಪೆಗಳು ಮೇಲೇಳುತ್ತಿರಲಿಲ್ಲ. ಹುಡುಗನಲ್ಲಿ ನನಗೆ ಕಂಡದ್ದು ಕಂದು ಬಣ್ಣದ ಕಾಲುಚೀಲ ಮಾತ್ರ. "ಬಾರವಾ, ನನ್ನ ಬಾಜೂಕ ಕೂಡು" ಎಂದರು ಅಜ್ಜಿ. ಕೂತೆ. ಬೆನ್ನಿಗೆ ಆಸರೆ ಸಿಕ್ಕಿತು.

ಎಚ್ಚರವಾದಾಗ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ನನ್ನ ತಲೆಯಡಿ ದಿಂಬಿತ್ತು. ಅಯ್ಯೋ, ನನ್ನ ಪ್ರಶ್ನೆ!

"ಎದ್ದೇನ್ ತಾಯಿ? ಹೋದ್ರು ಅವರು!" ಅವ್ವ ಸೌಟು ಹಿಡಿದೇ ಶುರು ಮಾಡಿದಳು. "ಅಜ್ಜಿ ಹೆಗಲ ಮ್ಯಾಲ ತಲಿ ಹಾಕಿ ಗೊರಕಿ ಹೊಡದಿ. ನಾ ಎಬ್ಬಸ್ಲಿಕ್ಕ ಬಂದ್ರ, ಕಣ್ಣು ಮುಚ್ಚೇ ಅವರ ಕೈ ಹಿಡದು, 'ಅಜ್ಜಿ, ಒಂದಕ್ಕ ಆತೇನ್ರಿ?' ಅಂತ ಕೇಳಿದಿ!"

ವಾರ್ಡಿನಲ್ಲಿ ರೋಗಿಗಳನ್ನು ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು ಅದು. ಸೆರಗಿನಿಂದ ಮುಖ ಮುಚ್ಚಿಕೊಂಡೆ. "ಅವರೇನಂದ್ರು?"

"'ಆತವಾ, ನೀ ಮಲ್ಕೋ' ಅಂದ್ರು. ಪಾಪ, ಮತ್ತೇನನ್ಬೇಕು? ಆ ಹುಡುಗ ಬ್ಯಾರೆ! ದಿಂಬ ತಂದಿಟ್ಟ, ಟಿವಿ ಬಂದ್ ಮಾಡ್ದ. ಒಳಗ ಬ್ಯಾಳಿ ಇಟ್ಟಿದ್ದೆ. ಕುಕ್ಕರ್ ಸೀಟಿ ಹೊಡೀತದಂತ ಓಡಿ ಹೋಗಿ ಗ್ಯಾಸೂ ಬಂದ್ ಮಾಡ್ದ. 'ಇನ್ನಾ ಬೆಂದಿಲ್ಲಪಾ' ಅಂದ್ರ, 'ಇರ್ಲಿ ಬಿಡ್ರಿ, ಅವರು ಎದ್ದಗಿದ್ದಾರು' ಅಂತಾನ! ಇಬ್ಬರೂ ಅರ್ಧ ಬೆಂದ ಬ್ಯಾಳಿ ಕಟುಕಟು ಅಗದು ಉಂಡು, ಸಪ್ಪಳಾಗಬಾರದಂತ ಬೂಟು, ಚಪ್ಪಲ್ ಕೈಯಾಗ ಹಿಡ್ಕೊಂಡು ಹೊರಗ ಹೋದ್ರು. ಬೀಗರಾಗೋರಿಗೆ ಹಿಂಥಾ ಊಟ! ನನ್ನ ಮಾನ ಹೋತು!"

ನನಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಪಿಜಿ ಸೇರಿದಂದಿನಿಂದ ಫೋನು, ನರ್ಸು, ಮೇಲಿನ ಡಾಕ್ಟರು, ಕಂಡಕ್ಟರು, ಎಲ್ಲರೂ ನನ್ನನ್ನು ಎಬ್ಬಿಸಿದವರೇ. ಮಲಗಿರಲಿ ಬಿಡಿ ಎಂದವರು ಇವರಿಬ್ಬರೇ.

"ಅವ್ವಾ, ಅವರ ನಂಬರ್ ಕೊಡು."

"ಮತ್ತೇನ್ ಬೈಯೂದದ ಅವರಿಗೆ?" ಎಂದು ಗೊಣಗುತ್ತಲೇ ಕೊಟ್ಟಳು.

ಹುಡುಗ ಫೋನೆತ್ತಿ ಪಿಸುದನಿಯಲ್ಲಿ, "ಹೇಳ್ರಿ" ಅಂದ.

"ಯಾಕ್ರಿ, ಇಷ್ಟು ಮೆಲ್ಲಕ ಮಾತಾಡ್ತೀರಿ?"

"ಬಸ್ಸಿನ್ಯಾಗ ಅಜ್ಜಿ ಮಲಗ್ಯಾಳ್ರಿ."

ನಾಲಿಗೆಯ ತುದಿಗೆ ಬಂದಿದ್ದ ಪ್ರಶ್ನೆಯನ್ನು ನುಂಗಿಕೊಂಡೆ. ಇನ್ನು ಅದನ್ನು ಕೇಳುವ ಅಗತ್ಯವಿರಲಿಲ್ಲ.

"ನಾ ನಿಮ್ಮ ಮುಖಾನ ನೋಡಿಲ್ಲರಿ," ಅಂದೆ. "ಮುಂದಿನ ರಜಾಕ ಭಾಲ್ಕಿಗೆ ಬರ್ತೇನಿ. ಈ ಸಲ ನಾನ ಗಂಡು ನೋಡ್ತೇನಿ."

ಬಸ್ಸಿನ ಸದ್ದಿನ ನಡುವೆ ಅವನು ಬಾಯಿ ಮುಚ್ಚಿ ನಕ್ಕದ್ದು ಕೇಳಿಸಿತು.

"ಬರ್ರಿ," ಅಂದ ಅವನು. "ದಿಂಬ ತಗದಿಟ್ಟಿರ್ತೇನಿ. ಬ್ಯಾಳಿನೂ ನೀವು ಬರೂದರಾಗ ನಾನ ಬೇಯಿಸಿ ಇಡ್ತೇನಿ."