ಇಕ್ಕಟ್ಟಾದ ಸಾಲುಗಳು

ಸೋಮವಾರ, ಬೆಳಿಗ್ಗೆ ಆರೂವರೆ. ಬಳ್ಳಾರಿಯ ಮನೆಯಲ್ಲಿ ಇದ್ದವರು ನಾನು ಮತ್ತು ಸೊಸೆ. ಅಟ್ಟ ಗುಡಿಸುತ್ತಿದ್ದವಳು ಬಟ್ಟೆ ಸುತ್ತಿದ ರಟ್ಟೊಂದನ್ನು ಕೆಳಗಿಳಿಸಿದಳು. ಹಳೆಯ ಸುತಳಿಯ ವಾಸನೆ ಮೂಗಿಗೆ ಬಡಿಯಿತು.

"ಮಾವಾರ, ಇದನ್ನ ಒಗದು ಬಿಡ್ಲೇನ್ರಿ?"

ಒಗಿ, ಬಿಸಾಡು ಎನ್ನಬೇಕಿತ್ತು. ಎನ್ನಲಿಲ್ಲ…

ಸಿರುಗುಪ್ಪದಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಪಕ್ಕದ ಮನೆಯಲ್ಲೊಬ್ಬ ಕವಿ ಇದ್ದರು. ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ದಿನಕ್ಕೆ ಮೂರು ಹೊತ್ತು ತಪ್ಪದೆ ಹನಿ ಹಾಕಿಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಮೂರು ಹೊತ್ತು. ಒಂದನೇ ತರಗತಿಯ ಮಕ್ಕಳಿಗೂ ಅಷ್ಟು ಎಣಿಕೆ ಬರುತ್ತದೆ. ಇವರು ಮಾತ್ರ, "ಹನಿ ಹಾಕ್ಕೊಂಡ್ರ ಕಣ್ಣು ಮಂಜಾಗ್ತಾವ್ರಿ, ಸಾಲು ಕೈ ಬಿಡ್ತೈತಿ" ಎಂದು ಬರೆಯುತ್ತ ಕೂತರು. ಸಾಲು ಉಳಿಯಿತು, ಕಣ್ಣು ಹೋಯಿತು.

ಅದನ್ನಾದರೂ ಒಪ್ಪಿಕೊಂಡರೇ? ಕುರುಗೋಡಿನ ಕವಿಗೋಷ್ಠಿಗೆ ನಾನೇ ಬಸ್ಸಿನಲ್ಲಿ ಕರೆದೊಯ್ದೆ. ಬಾಯಿಪಾಠ ಒಪ್ಪಿಸುತ್ತ, ಓದುವವರಂತೆ ಪುಟ ಮಗುಚಿದರು. ಕವಿತೆ ಮುಗಿದ ಮೇಲೂ ಎರಡು ಪುಟ ಮಗುಚಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಹೇಸಿಗೆಯಾಯಿತು.

ಮನೆಯಲ್ಲಿ ಬರೆದದ್ದು ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿ, ಅವರ ಹೆಂಡತಿಗೂ ಓದಲಾಗುತ್ತಿರಲಿಲ್ಲ. ಅಕ್ಕಿ ಗಿರಣಿಯಿಂದ ಚೀಲ ಹೊಲಿಯುವ ಸುತಳಿ ತಂದು, ರಟ್ಟಿಗೆ ಅಡ್ಡಲಾಗಿ ಹದಿನಾರು ಎಳೆ ಬಿಗಿದು ಕೊಟ್ಟೆ. ಕಾಗದವನ್ನು ಎಳೆಗಳ ಕೆಳಗೆ ತೂರಿಸಿ, ಎಳೆ ಮುಟ್ಟಿಕೊಂಡು ಬರೆದರೆ ಸಾಲು ನೆಟ್ಟಗಿರುತ್ತದೆ.

ಬೆರಳಾಡಿಸಿ ನೋಡಿ ನಕ್ಕರು. "ಮಾಸ್ತರ್ರೇ, ಹಗ್ಗ ಕಟ್ಟಿ ಮೇಯಿಸಾಕ ನಾನೇನು ಎಮ್ಮಿ ಏನ್ರಿ?"

ವಾರದ ಬಳಿಕ ಅವರ ಹೆಂಡತಿ ಬಟ್ಟೆ ಸುತ್ತಿದ ರಟ್ಟನ್ನು ತಂದು, "ನಿಮಗ ಕೊಟ್ಟು ಬಾ ಅಂದಾರ್ರಿ" ಎಂದರು. ನಾನು ಬಿಚ್ಚಲೂ ಇಲ್ಲ. ಬೇಡವೆಂದವರಿಗೆ ಎರಡನೆಯ ಸಲ ಹೇಳುವ ಪದ್ಧತಿ ನನ್ನದಲ್ಲ. ಗೋಡೆಯಾಚೆಯಿಂದ ಕವಿ ಒಂದೆರಡು ಸಲ ಕೂಗಿದರು, ಓಗೊಡಲಿಲ್ಲ. ಆಮೇಲೆ ನನಗೆ ಬಳ್ಳಾರಿಗೆ ವರ್ಗವಾಯಿತು. ಅವರು ತೀರಿಕೊಂಡಾಗ ಹೋಗಿದ್ದೆ. ನಾಲ್ಕು ನೋಟುಬುಕ್ಕಿನ ತುಂಬ ಸಾಲಿನ ಮೇಲೆ ಸಾಲು… ಒಂದು ಪದ್ಯವನ್ನೂ ಬಿಡಿಸಲಾಗಲಿಲ್ಲ. ಹಟದ ಫಲ ಎಂದುಕೊಂಡೇ ಬಸ್ಸು ಹತ್ತಿದ್ದೆ.

ಇವತ್ತು ಬಟ್ಟೆ ಬಿಚ್ಚಿದೆ. ಎಳೆಗಳೆಲ್ಲ ಶಾಯಿಯಿಂದ ಕಪ್ಪಾಗಿದ್ದವು. ಕೆಳಗೊಂದು ಕಾಗದ. ಸಾಲು ನೆಟ್ಟಗಿತ್ತು, ಅಕ್ಷರಗಳ ತಲೆ ಮಾತ್ರ ಸುತಳಿಗೆ ತಾಗಿ ಮುರಿದಿದ್ದವು.

"ಮಾಸ್ತರ್ರೇ, ನನ್ನ ಅಕ್ಷರ ದೊಡ್ಡವು. ಎಳಿ ದೂರ ದೂರ ಕಟ್ಟಿ ಕಳಸ್ರಿ. ಕಾಯ್ತಿರ್ತೀನಿ."

ಅಂತರವನ್ನು ನನ್ನ ಕೈಬರಹಕ್ಕೆ ಅಳೆದಿದ್ದೆ. ವರ್ಷಗಟ್ಟಲೆ ಮಕ್ಕಳಿಗೆ ಬರೆಯಲು ಕಲಿಸಿದ ಮನುಷ್ಯ, ಬರೆಯುವವರ ಕೈ ನೋಡಲಿಲ್ಲ. ಅವರ ಸೋಗಿಗೆ ಹೇಸಿದವನು ನಾನು.

"ಒಗೀಲೇನ್ರಿ?" ಸೊಸೆ ಮತ್ತೆ ಕೇಳಿದಳು.

"ಕತ್ತರಿ ತಾರವ್ವ."

ಒಂದು ಬಿಟ್ಟು ಒಂದು ಎಳೆ ಕತ್ತರಿಸಿದೆ. ಎಂಟು ಉಳಿದವು. ಸಡಿಲಾಗಿದ್ದ ಗಂಟುಗಳನ್ನು ಬಿಗಿದು, ರಟ್ಟನ್ನು ಮೇಜಿನ ಮೇಲಿಟ್ಟೆ.