ಜೇನಿನ ಭರಣಿ, ಅವ್ವನ ಕೈಗುಣ

ಇವತ್ತು ಬೆಳಿಗ್ಗೆ ಹೊಸ ಜೇನಿನ ಬಾಟಲಿಯ ಮುಚ್ಚಳ ತಿರುಗಿಸಿದೆ. ‘ಫುಸ್’ ಎಂದಿತು, ಅಷ್ಟೆ. ಅರವತ್ತರ ಹತ್ತಿರ ಬಂದ ನಾನು ಎರಡು ಹೆಜ್ಜೆ ಹಿಂದೆ ಜಿಗಿದೆ. ನಗಬೇಡಿ, ಆ ಸದ್ದು ಒಮ್ಮೆ ನನ್ನ ಜೀವ ಬಾಯಿಗೆ ತಂದಿತ್ತು.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆಗ ಆಂಧ್ರದಲ್ಲಿ ಪಾನನಿಷೇಧ. ನಾನು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್, ದಿಲ್‌ಸುಖ್‌ನಗರದಲ್ಲಿ ಬಾಡಿಗೆ ಮನೆ. ಕುಡಿಯುವ ಚಟ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಕುತೂಹಲ ಇತ್ತು. ಹಳೆಯ ಸಂಸ್ಕೃತ ಪುಸ್ತಕವೊಂದರಲ್ಲಿ ಜೇನು, ನೀರು, ಹುಳಿ ಬರಿಸುವ ಧಾತಕಿ ಹೂವು ಸೇರಿಸಿ ಮದ್ಯ ಮಾಡುವ ವಿಧಾನ ಸಿಕ್ಕಿತ್ತು. ಸಾವಿರ ವರ್ಷದ ಹಿಂದಿನವರ ನಾಲಗೆಗೆ ಏನು ರುಚಿಸುತ್ತಿತ್ತೋ ನೋಡುವ ಹುಚ್ಚು. ಅವ್ವನ ಉಪ್ಪಿನಕಾಯಿ ಭರಣಿಯಲ್ಲೇ ಹಾಕಿ, ಒಳಗಿನ ಗಾಳಿ ಹೊರಹೋಗಲೆಂದು ಮುಚ್ಚಳ ಸಡಿಲವಾಗಿಟ್ಟೆ. ಕಲಬುರಗಿಯಿಂದ ಬಂದ ಅವ್ವ ಕೇಳಿದಾಗ, “ಜೇನಿನ್ಯಾಗ ನೆಲ್ಲಿಕಾಯಿ ಹಾಕೀನಿ, ಮುಚ್ಚಳ ತೆಗೀಬ್ಯಾಡ” ಎಂದೆ.

ಮಹಡಿಯ ಮೇಲೆ ಮನೆ ಮಾಲೀಕರಾದ ದೇಸಾಯರು. ರಾಯಚೂರು ಕಡೆಯವರು, ಅಬಕಾರಿ ಇನ್‌ಸ್ಪೆಕ್ಟರು! ದೀಪದ ಬುಡದಲ್ಲಿ ಕತ್ತಲೆ ಎಂದು ನನ್ನ ಧೈರ್ಯ.

ಒಂದು ಭಾನುವಾರ ಅವರು ಚಹಾಕ್ಕೆ ಕೆಳಗೆ ಬಂದರು. ಕಪ್ಪು ಕೊಡುತ್ತ ಅವ್ವ ಹೇಳಿದಳು: “ನಮ್ಮ ಹುಡುಗ ನೆಲ್ಲಿಕಾಯಿ ಹಾಕ್ಯಾನ್ರಿ. ಬಾಯಿ ಸಡ್ಲ ಬಿಟ್ಟಿದ್ದ. ಬೂಷ್ಟು ಹಿಡೀತೈತಿ ಅಂತ ನಿನ್ನೆ ನಾನೇ ಕಣಕ ಮೆತ್ತಿ ಬಿಗಿ ಮಾಡೀನಿ.”

ಭರಣಿ ಅವಳ ಬೆನ್ನ ಹಿಂದೆಯೇ ಇತ್ತು. ಮೆತ್ತಿದ ಹಿಟ್ಟು ಉಬ್ಬಿತ್ತು, ಒಳಗೆ ಸಣ್ಣಗೆ ಸುಂಯ್ ಎನ್ನುತ್ತಿತ್ತು. ತೆರೆದರೆ ವಾಸನೆ, ನನಗೆ ಬೇಡಿ, ನೌಕರಿಗೆ ಎಳ್ಳುನೀರು. ತೆರೆಯದಿದ್ದರೆ ಸಿಡಿದು ಅವ್ವನಿಗೇ ಬಡಿಯಬೇಕು. “ಅವ್ವಾ, ಈ ಕಡೆ ಬಾ” ಎನ್ನಲಿಲ್ಲ. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ಅವ್ವನನ್ನು ಅಲ್ಲೇ ಬಿಟ್ಟು ಸರಿದೆ, ಇದನ್ನೂ ಬರೆದುಬಿಡುತ್ತೇನೆ.

ಢಬ್! ಮುಚ್ಚಳ ಅವಳ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ನೊರೆ ಸೀರೆಯ ತುಂಬ. ಮನೆಯೆಲ್ಲ ಹುಳಿಹೆಂಡದ ವಾಸನೆ. ದೇಸಾಯರ ಮೂಗು ಅರಳಿತು.

“ಅಕ್ಕಾರ, ಇದನ್ನ ಹಾಕಿದವ್ರು ಯಾರ್ರಿ?”

ಅವ್ವ ಅಳುವ ದನಿಯಲ್ಲಿ ಹೇಳಿದಳು: “ನಾನೇ ಕೆಡಿಸಿದೆನ್ರಿ. ನಾ ಮುಟ್ಟಿದ ಮ್ಯಾಲೆ ಕೆಟ್ಟೈತಿ. ನನ್ನ ಕೈಗುಣ ಹೋತ್ರಿ.”

ದೇಸಾಯರು ನನ್ನತ್ತ ತಿರುಗಿ ನೋಡಿದರು. “ಫಿನೈಲ್ ಹಾಕಿ ಒರಸ್ರಿ” ಎಂದು ಎದ್ದು ಹೋದರು. ನಾನು ಫಿನೈಲ್ ತರಲು ಒಳಗೆ ಹೋದೆ.

ಮದುವೆ ಮನೆಯವರು ಕರೆದೊಯ್ದು ಉಪ್ಪಿನಕಾಯಿ ಹಾಕಿಸುತ್ತಿದ್ದ ಕೈ ಅದು. ಅವತ್ತಿನಿಂದ ಅವ್ವ ಭರಣಿ ಮುಟ್ಟಲಿಲ್ಲ. ನಾವು ಅಂಗಡಿಯದನ್ನೇ ತಿಂದೆವು. ಮೊದಲು ದೇಸಾಯರ ಭಯಕ್ಕೆ ಸುಮ್ಮನಿದ್ದೆ. ನಿಷೇಧ ಹೋಯಿತು, ದೇಸಾಯರಿಗೆ ವರ್ಗವಾಯಿತು. ಆಮೇಲೆ ಅವ್ವ ಏನೆಂದಾಳೋ ಎಂಬ ಭಯ.

ಇವತ್ತು ಬಾಟಲಿ ಹಿಡಿದುಕೊಂಡೇ ಅವಳ ಮಂಚದ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದೆ. ಅವಳು ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

“ಹಂಗಾರ ನನ್ನ ಕೈ ಕೆಟ್ಟಿದ್ದಿಲ್ಲ?”

“ಇಲ್ಲವ್ವ.”

“ಇಷ್ಟು ವರ್ಷ ಹೇಳಬಾರದಾಗಿತ್ತೇನೋ?”

ನಾನು ಬಾಟಲಿಯನ್ನು ಮಂಚದ ಪಕ್ಕದಲ್ಲಿಟ್ಟೆ. ಅವಳೇ, “ಹೋಗು, ಮಾವಿನಕಾಯಿ ತೊಗೊಂಡು ಬಾ” ಎಂದಳು.

ಈಗ ಅಡುಗೆಮನೆಯಲ್ಲಿ ಕುಳಿತು ಉಪ್ಪು ಹಾಕುತ್ತಿದ್ದಾಳೆ. ಎಂಬತ್ತರ ಕೈ ನಡುಗುತ್ತದೆ. ಅರ್ಧ ಉಪ್ಪು ನೆಲಕ್ಕೇ ಬೀಳುತ್ತಿದೆ. ಪಕ್ಕದಲ್ಲಿ ಕುಳಿತು ನಾನು ಒರೆಸುತ್ತಿದ್ದೇನೆ.