ಚಕ್ಕರ್ ಬಂದವರು, ಚಕ್ಕರ್ ಹೊಡೆದವರು

ಹಳ್ಳಿಯ ಡಾಕ್ಟರುಗಳೂ ಸಂಶೋಧನೆಗೆ ಕೈಜೋಡಿಸಬೇಕಂತೆ. ನಾಗಪುರದ ಸಿವಿಲ್ ಲೈನ್ಸಿನ ತಣ್ಣನೆಯ ಸಭಾಂಗಣದಲ್ಲಿ ಈ ಮಾತು ಕೇಳಿ ನಾನು ಉಬ್ಬಿಹೋದೆ. ನಾನು ಧಾರವಾಡದವಳು; ವಾಯುಪಡೆಯ ಗಂಡನ ಜೊತೆ ನಾಗಪುರಕ್ಕೆ ಬಂದು, ಕಾಮ್ಠಿಯ ಆಚೆಯ ಹಳ್ಳಿಯೊಂದರಲ್ಲಿ ದವಾಖಾನೆ ಇಟ್ಟವಳು. ಬಾಯಿ ಸುಮ್ಮನಿರಲಿಲ್ಲ, ಎದ್ದು ಕೇಳಿಯೇಬಿಟ್ಟೆ: ಕಿತ್ತಳೆ ತೋಟದ ಹೆಂಗಸರು ಮರೆಯ ಜಾಗವಿಲ್ಲವೆಂದು ದಿನವಿಡೀ ನೀರು ಕುಡಿಯುವುದಿಲ್ಲ, ಬಿಸಿಲಿಗೆ ತಲೆಸುತ್ತಿ ಬೀಳುತ್ತಾರೆ, ಅವರ ಕಿಡ್ನಿಯ ಗತಿ ಏನು?

ಸಂಶೋಧನಾ ಸಂಸ್ಥೆಯ ದೊಡ್ಡವರು ಒಪ್ಪಿದರು. ಪ್ರಶ್ನೆ ನನ್ನದು, ರೋಗಿಗಳು ನನ್ನವರು, ಸಂಶೋಧನೆ ಮಾತ್ರ ಅವರದು. ಮೊದಲು ಮನೆಮನೆ ವಿಚಾರಣೆ, ಆಮೇಲೆ ತಲೆಸುತ್ತು ಇದ್ದವರಿಗೆಲ್ಲ ಪುಕ್ಕಟೆ ರಕ್ತಪರೀಕ್ಷೆ.

ನನಗೆ ಬೇಕಾಗಿದ್ದೂ ಅದೇ. ತೋಟದ ಕೆಲಸಕ್ಕೆ ಹೋಗುತ್ತಿದ್ದ ಸೊಸೆಯೊಬ್ಬಳಿಗೆ ಕಾಲು ಬಾತಿತ್ತು, ಎದ್ದರೆ ಕಣ್ಣು ಕತ್ತಲೆ. ಸಕ್ಕರೆ ಕಾಯಿಲೆಯಿಲ್ಲ, ಬಿಪಿ ಇಲ್ಲ. ರಕ್ತ ತೆಗೆಯುತ್ತೇನೆಂದರೆ ಅತ್ತೆ ಬಿಡಲೊಲ್ಲಳು. "ಇವಳೊಬ್ಬಳಿಗೇ ಯಾಕೆ ಡಾಕ್ಟರ್‌ಬಾಯಿ? ದೊಡ್ಡ ರೋಗ ಅಂತ ಊರು ಆಡಿಕೊಳ್ಳುತ್ತೆ. ಎಲ್ಲರಿಗೂ ಮಾಡಿದರೆ ಇವಳಿಗೂ ಮಾಡಿ."

ಮನೆಮನೆ ವಿಚಾರಿಸಲು ಅವರು ಕಳಿಸಿದವಳು ಬೆಂಗಳೂರಿನವಳು, ವಿಮಾನ ನಿಲ್ದಾಣದ ಬಳಿಯ ಮಿಹಾನ್ ಕಂಪನಿ ವಲಯದಲ್ಲಿ ಆಫೀಸು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಲಕ್ಕಿ ಕೊಟ್ಟು ಊರನ್ನೇ ಅವಳ ಕೈಗೊಪ್ಪಿಸಿದೆ.

ವರದಿ ಬಂತು. ಊರಿಗೆ ಊರೇ ತಲೆತಿರುಗಿ ಬಿದ್ದಿತ್ತು. ಗಟ್ಟಿಮುಟ್ಟಾದ ಗೌಳಿಗಿತ್ತಿಗೂ ದಿನಕ್ಕೆ ಹತ್ತಾರು ಸಲ ತಲೆಸುತ್ತಂತೆ. ಇಡೀ ಊರಿನಲ್ಲಿ ಆರೋಗ್ಯವಂತೆ ಒಬ್ಬಳೇ, ಕಾಲು ಬಾತ ಆ ಸೊಸೆ; ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅವಳೊಬ್ಬಳದೇ ಹೆಸರಿಲ್ಲ.

"ಏನಂತ ಕೇಳಿದ್ಯವ್ವಾ?" ಎಂದು ಬೆಂಗಳೂರಿನವಳಿಗೆ ಫೋನು ಮಾಡಿದೆ.

"ದಿನ್ ಮೇ ಕಿತ್ನಾ ಚಕ್ಕರ್ ಹೋತಾ ಹೈ, ಅಂತ ಮೇಡಂ. ತಲೆಸುತ್ತು ಆಗುತ್ತೆ ಅಲ್ವಾ?"

ಆಗುತ್ತೆ ತಾಯಿ, ಬೆಂಗಳೂರಲ್ಲಿ ಎಲ್ಲವೂ ಆಗುತ್ತೆ. ಇಲ್ಲಿ ತಲೆಸುತ್ತಿನ ಚಕ್ಕರ್ 'ಆತಾ ಹೈ', ಅಂದರೆ ಬರುತ್ತದೆ. 'ಹೋತಾ ಹೈ' ಅಂದರೆ ಓಡಾಟದ ಚಕ್ಕರ್. ಹೆಂಗಸರು ಪಾಪ, ಕೊಡ ಹೊತ್ತು ಬೋರ್‌ವೆಲ್ಲಿಗೆ ಎಷ್ಟು ಸಲ ಹೋಗಿಬರುತ್ತೇವೆಂದು ನಿಯತ್ತಾಗಿ ಲೆಕ್ಕ ಕೊಟ್ಟಿದ್ದರು. ಎದ್ದು ನಿಲ್ಲಲಾರದ ಸೊಸೆ ನೀರು ಹೊರುವ ಕೆಲಸ ಬಿಟ್ಟು ತಿಂಗಳುಗಳಾಗಿದ್ದವು. ಒಂದೂ ಇಲ್ಲ ಎಂದಿದ್ದಳು.

ಮೈಯೆಲ್ಲ ಉರಿದುಹೋಯಿತು. ದೊಡ್ಡವರಿಗೆ ಹೇಳಿದರೆ, ಈ ಸುತ್ತು ಮುಗಿಯಿತು, ಮುಂದಿನ ಸುತ್ತಿನಲ್ಲಿ ನೋಡೋಣ ಎಂದರು. ಸುತ್ತು ಅವರಿಗೂ ಹಿಡಿದಿತ್ತು.

ಸೊಸೆಯ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ತಡೆದಳು. "ಶಹರದವರೇ ಇವಳಿಗೇನೂ ಇಲ್ಲ ಅಂದಿದ್ದಾರೆ. ಮೈಗಳ್ಳಿ ಅಂತ ನಾನು ಮೊದಲೇ ಹೇಳಿರಲಿಲ್ಲವಾ?" ಇಷ್ಟು ದಿನ ಅದು ಬರೀ ಅತ್ತೆಯ ಮಾತಾಗಿತ್ತು, ನಾನು ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿಸಿ ಕೊಟ್ಟಿದ್ದೆ.

ಸೊಸೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನಡೆದದ್ದನ್ನೆಲ್ಲ ಹೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. "ಮುಂದಿನ ಸಲ ಅವರು ಬರೋ ದಿನ ಮೊದಲೇ ತಿಳಿಸಿ ಡಾಕ್ಟರ್‌ಬಾಯಿ," ಎಂದಳು. "ಹೇಗಾದರೂ ಮಾಡಿ ಎರಡು ಕೊಡ ನೀರು ತಂದಿಡ್ತೀನಿ."